ಗುದ್ದಿ ಗಿಟ್ಟಿಸಿದ ಜಾಗ ವಾಪಸ್ ಕೊಡಿಸಿ: ಕಾರ್ಟ್ ರೇಸ್ ನಡೆಸೋರಿಗೆ ಒಂದು ಬಹಿರಂಗ ಪತ್ರ

ಕಾರ್ಟ್ ರೇಸ್ ನಡೆಸೋ ಸಂಘಟಕರಿಗೆ, ರೇಸಲ್ಲಿ ತಪ್ಪು ಯಾರದ್ದು ಅಂತ ತೀರ್ಪು ಕೊಡೋ ಸ್ಟೀವರ್ಡ್‌ಗಳಿಗೆ, ರೂಲ್ ಬುಕ್ ಬರೆಯೋ ಫೆಡರೇಶನ್‌ನವರಿಗೆ, ಮತ್ತೆ ಪ್ಯಾಡಕ್‌ನಲ್ಲಿ (ಟ್ರ್ಯಾಕ್ ಪಕ್ಕ ಟೀಮುಗಳು ಬೀಡುಬಿಡೋ ಜಾಗ) ಮಕ್ಕಳ ಹೆಲ್ಮೆಟ್ ಹಿಡ್ಕೊಂಡು ನಿಂತಿರೋ ಅಪ್ಪ ಅಮ್ಮಂದಿರಿಗೂ,

ನಮಸ್ಕಾರ.

ನಾನು ಕಾರ್ಟ್ ರೇಸಲ್ಲಿ, ಅಂದ್ರೆ ನೆಲಕ್ಕೆ ಅಂಟಿದ ಹಾಗೆ ಓಡೋ ಪುಟ್ಟ ತೆರೆದ ರೇಸ್ ಗಾಡಿಗಳ ರೇಸಲ್ಲಿ, ತಿರುವಲ್ಲಿ ಬಾವುಟ ಹಿಡ್ಕೊಂಡು ನಿಲ್ಲೋ ಮಾರ್ಷಲ್. ಈ ಕೆಲಸಕ್ಕೆ ಸಂಬಳ ಇಲ್ಲ, ಬೈಗುಳ ಧಾರಾಳವಾಗಿ ಸಿಗತ್ತೆ, ಆದ್ರೆ ಒಂದು ಅನುಕೂಲ ಇದೆ, ಪೋಡಿಯಂ ಹತ್ರ ನಿಂತವರಿಗೆ ಕಾಣದೇ ಇರೋದು ನಮಗೆ ನಾಲ್ಕು ಮಾರು ದೂರದಲ್ಲೇ ಕಾಣತ್ತೆ. ಅದನ್ನ ನೋಡಿ ನೋಡಿ ಹೇಳಬೇಕು ಅನ್ಸಿದ್ದು ಒಂದೇ ವಿಷಯ. ಕಾರ್ಟಿಂಗ್‌ನಲ್ಲಿ ಡಿಕ್ಕಿ ಬಗ್ಗೆ ರೂಲ್ಸ್ ಇಲ್ಲ ಅಂತ ಯಾರೂ ಹೇಳೋಕಾಗಲ್ಲ, ಬೇಕಾದಷ್ಟಿದೆ. ಆದ್ರೆ ಒಬ್ಬ ಇನ್ನೊಬ್ಬನಿಗೆ ಗುದ್ದಿ ಮುಂದೆ ಹೋದ್ರೆ ಆ ಜಾಗ ಹೆಚ್ಚುಕಮ್ಮಿ ಅವನ ಹತ್ರನೇ ಉಳಿಯತ್ತೆ, ಗುದ್ದಿಸ್ಕೊಂಡವನಿಗೆ ಏನೂ ವಾಪಸ್ ಬರಲ್ಲ. ಕಳ್ಳನಿಗೆ ಒಂದಿಷ್ಟು ದಂಡ ಹಾಕಿ ಕದ್ದ ಮಾಲನ್ನ ಅವನ ಜೇಬಲ್ಲೇ ಬಿಟ್ಟು ಕಳಿಸಿದ ಹಾಗೆ. ಹೀಗಿರೋವರೆಗೂ ನೀವು ಡ್ರೈವರ್ಸ್ ಬ್ರೀಫಿಂಗ್‌ನಲ್ಲಿ ಎಷ್ಟು ಜೋರಾಗಿ ‘ಕ್ಲೀನ್ ರೇಸ್ ಮಾಡಿ’ ಅಂದ್ರೂ ಹಿಂದಿನ ಸಾಲಲ್ಲಿ ಕೂತ ಹುಡುಗ್ರು ಮುಖ ಮುಖ ನೋಡ್ಕೊಂಡು ನಗ್ತಾರೆ ಅಷ್ಟೇ.

ಮೊದಲು ಗಾಡಿ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ರೂಲ್ ಬರೆಯೋರಲ್ಲಿ ಕೆಲವರು ಕಾರ್ ರೇಸ್ ಕಡೆಯಿಂದ ಬಂದವರು, ಅವರ ತಲೇಲಿ ಡಿಕ್ಕಿ ಅಂದ್ರೆ ಕಾರಿನ ಡಿಕ್ಕಿನೇ. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ (ತಿರುವಲ್ಲಿ ಎಡ ಬಲದ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಭಾಗ) ಇಲ್ಲ, ಸುತ್ತ ಗೂಡಿಲ್ಲ. ರೇಸ್ ಕಾರ್ಟ್‌ಗೆ ಸೀಟ್ ಬೆಲ್ಟೂ ಇಲ್ಲ. ಹೊಸಬರು ಯಾಕೆ ಅಂತ ಕೇಳ್ತಾರೆ, ಮೇಲೆ ರೋಲ್ ಬಾರ್ ಇಲ್ಲ ಅದಕ್ಕೆ, ಪಲ್ಟಿ ಹೊಡೆದಾಗ ಬೆಲ್ಟಲ್ಲಿ ಕಟ್ಟಿ ಹಾಕಿದ್ರೆ ತಲೆ ಗಾಡಿಗೂ ನೆಲಕ್ಕೂ ಮಧ್ಯೆ ಸಿಕ್ಕಾಕೊಳ್ಳತ್ತೆ, ಹಾಗಾಗಿ ಡ್ರೈವರ್ ಗಾಡಿಯಿಂದ ಆಚೆ ಹಾರಿ ಬೀಳೋದೇ ಮೇಲು ಅನ್ನೋ ಲೆಕ್ಕ. ಪಾದಗಳು ಮುಂದಿನ ಬಂಪರ್‌ನ ಹಿಂದೆನೇ ಇರತ್ತೆ. ಪೆಟ್ರೋಲ್ ಟ್ಯಾಂಕ್ ಸ್ಟೀರಿಂಗ್ ಕೆಳಗೆ ಎರಡು ಕಾಲಿನ ಮಧ್ಯೆ. ಪಕ್ಕೆಲುಬು ಗಟ್ಟಿ ಫೈಬರ್ ಸೀಟಿನ ಅಂಚಿಗೆ ತಾಗ್ಕೊಂಡೇ ಇರತ್ತೆ, ಅದಕ್ಕೇ ಈ ಆಟದಲ್ಲಿ ಪಕ್ಕೆ ನೋವಿನ ಬಗ್ಗೆ ದೂರದೇ ಇರೋ ಡ್ರೈವರೇ ಸಿಗಲ್ಲ. ಡ್ರೈವರ್ ಸೇರಿ ನೂರೈವತ್ತು ಕೇಜಿ ಹತ್ರ ತೂಗೋ ಈ ವಸ್ತು, ಗೇರ್ ಇರೋ ಕೆಝಡ್ ಕ್ಲಾಸಲ್ಲಾದ್ರೆ ಇನ್ನೂ ಜಾಸ್ತಿ ತೂಕ, ನೆಲದಿಂದ ಬೆರಳು ಅಗಲದ ಎತ್ತರದಲ್ಲಿ ಗಂಟೆಗೆ ನೂರು ಕಿಲೋಮೀಟರ್ ದಾಟಿ ಓಡತ್ತೆ.

ಇನ್ನೂ ಮುಖ್ಯವಾದ್ದು ಚಕ್ರ. ಚಕ್ರಗಳು ಹೊರಗೇ ಇರತ್ತೆ. ಮುಂದಿನ ಗಾಡಿಯ ಹಿಂದಿನ ಚಕ್ರ ತಗೊಳ್ಳಿ, ಅದು ಮುಂದಕ್ಕೆ ಉರುಳ್ತಾ ಇರುವಾಗ ಅದರ ಹಿಂಭಾಗದ ರಬ್ಬರ್ ಮೇಲಕ್ಕೆ ಹೋಗ್ತಾ ಇರತ್ತೆ. ಅದಕ್ಕೆ ತಾಗೋ ನಿಮ್ಮ ಮುಂದಿನ ಚಕ್ರದ ಮುಂಭಾಗ ಕೆಳಕ್ಕೆ ಹೋಗ್ತಾ ಇರತ್ತೆ. ಎರಡೂ ಅಂಟು ರಬ್ಬರ್. ತಾಗಿದ ತಕ್ಷಣ ಅದು ನಿಮ್ಮನ್ನ ಮೇಲಕ್ಕೆ ಎತ್ತತ್ತೆ, ನಿಮ್ಮ ಚಕ್ರನೂ ಅದನ್ನೇ ಹಿಡ್ಕೊಂಡು ಮೇಲೆ ಹತ್ತತ್ತೆ. ಅಂದ್ರೆ ಗುದ್ದಿದ ಗಾಡಿ ಮುಂದಿನವನ ಚಕ್ರ ಹತ್ತಿ ಗಾಳಿಗೆ ಹೋಗತ್ತೆ, ಇಳಿಯೋದು ಎಲ್ಲಿ ಅನ್ನೋದು ಅದೃಷ್ಟ. ನಾನು ಬಾವುಟ ಹಿಡಿದ ತಿರುವಲ್ಲಿ ಹೀಗೆ ಒಂದು ಗಾಡಿ ಇನ್ನೊಬ್ಬ ಹುಡುಗನ ಭುಜದ ಪಕ್ಕಕ್ಕೆ ಇಳಿದಿದ್ದು ನೋಡಿದ್ದೀನಿ, ಹೆಲ್ಮೆಟ್ ಮೇಲೆ ಟೈರಿನ ಕಪ್ಪು ಗೀಟು ಬಿದ್ದಿತ್ತು, ಹುಡುಗ ಎದ್ದು ನಿಂತು ಮೊದಲು ಕೇಳಿದ್ದು ‘ರೇಸ್ ನಿಲ್ಸಿದ್ರಾ ಅಂಕಲ್’ ಅಂತ.

1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಅನ್ನೋರು ಹುಲ್ಲು ಕತ್ತರಿಸೋ ಮೆಷಿನ್‌ಗೆ ಹಾಕೋ ಥರದ ಸಣ್ಣ ಇಂಜಿನ್ ಹಾಕಿ ಮೊದಲ ಕಾರ್ಟ್ ಮಾಡಿದಾಗ ಅದು ಬರೀ ಪೈಪು ಮತ್ತೆ ನಾಲ್ಕು ಚಕ್ರ. ಆಮೇಲೆ ಬರ್ತಾ ಬರ್ತಾ ಪಕ್ಕದಲ್ಲಿ ಸೈಡ್ ಪಾಡ್ ಅನ್ನೋ ಪ್ಲಾಸ್ಟಿಕ್ ಕವಚ ಬಂತು, ಮುಂದೆ ಪ್ಲಾಸ್ಟಿಕ್ ಮೂತಿ ಬಂತು, ಹಿಂದಿನ ಚಕ್ರ ಮುಚ್ಚೋ ಪ್ಲಾಸ್ಟಿಕ್ ಗಾರ್ಡ್ ಬಂತು. ಎಲ್ಲ ಒಳ್ಳೇದಕ್ಕೇ ಬಂದಿದ್ದು, ಚಕ್ರಕ್ಕೆ ಚಕ್ರ ಸಿಕ್ಕಾಕೊಳ್ಳೋದು, ಮೇಲೆ ಹತ್ತೋದು ಕಡಿಮೆ ಆಗಿದ್ದು ಇವುಗಳಿಂದಾನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಜೊತೆಗೇ ಇನ್ನೊಂದೂ ಆಯ್ತು. ಮುಂಚೆ ಗುದ್ದಿದ್ರೆ ಗುದ್ದಿದವನಿಗೂ ಅಪಾಯ ಇತ್ತು, ತನ್ನ ಗಾಡಿನೇ ಹಾರತ್ತೆ ಅನ್ನೋ ಭಯ ಇತ್ತು. ಮೂತಿಗೆ ಪ್ಲಾಸ್ಟಿಕ್ ಬಂದ್ಮೇಲೆ ಹಿಂದಿನಿಂದ ತಳ್ಳೋದು ಆರಾಮಾಯ್ತು. ಒಂದೊಂದು ರಕ್ಷಣೆ ಸೇರಿದಾಗಲೂ ಗುದ್ದೋನಿಗೆ ಖರ್ಚು ಕಮ್ಮಿ ಆಗ್ತಾ ಹೋಯ್ತು, ಆ ಕಮ್ಮಿ ಆದ ಖರ್ಚನ್ನ ರೂಲಿನ ಕಡೆಯಿಂದ ವಾಪಸ್ ಹಾಕೋ ಕೆಲಸ ಅದೇ ವೇಗದಲ್ಲಿ ಆಗ್ಲಿಲ್ಲ.

ಅಂಥ ಪ್ರಯತ್ನ ಆಗಿದ್ದು 2015ರಲ್ಲಿ. ವಿಶ್ವದ ಮೋಟಾರ್ ರೇಸಿಂಗ್ ನೋಡ್ಕೊಳ್ಳೋ ಎಫ್‌ಐಎ ಸಂಸ್ಥೆಯ ಕಾರ್ಟಿಂಗ್ ವಿಭಾಗ ಸಿಐಕೆ-ಎಫ್‌ಐಎ ಅವರು ಬೀಳೋ ಮೂತಿ ತಂದ್ರು, ಡ್ರಾಪ್ ಡೌನ್ ಬಂಪರ್ ಅಂತ ನಾವೆಲ್ಲ ಕರೆಯೋದು. ಗಾಡಿಯ ಮುಂದಿನ ಪ್ಲಾಸ್ಟಿಕ್ಕನ್ನ ಎರಡು ಕ್ಲಾಂಪ್ ಹಿಡ್ಕೊಂಡಿರತ್ತೆ, ಜೋರಾಗಿ ತಾಗಿದ್ರೆ ಅದು ಹಿಂದಕ್ಕೆ ಸರಿದು ಕೂತುಬಿಡತ್ತೆ. ಟ್ರ್ಯಾಕ್ ಮೇಲೆ ಬಾವುಟ ತೋರಿಸಲ್ಲ, ರೇಸ್ ಮುಗಿದ್ಮೇಲೆ ಅಧಿಕಾರಿಗಳು ಗಾಡಿ ನೋಡ್ತಾರೆ, ಮೂತಿ ಜಾಗದಲ್ಲಿ ಇಲ್ಲ ಅಂದ್ರೆ ಟೈಮ್ ಪೆನಾಲ್ಟಿ, ಅಂದ್ರೆ ಅವನ ರೇಸ್ ಟೈಮಿಗೆ ಇಷ್ಟು ಸೆಕೆಂಡ್ ಸೇರಿಸ್ತಾರೆ, ಈಗ ರೂಢಿಯಲ್ಲಿರೋದು 5 ಸೆಕೆಂಡ್. ವಾದ ಇಲ್ಲ, ವಿಚಾರಣೆ ಇಲ್ಲ. ಫಿನಿಶ್ ಆದ್ಮೇಲೆ ಕೈ ಹಾಕಿ ಅದನ್ನ ಎಳೆದು ಸರಿ ಮಾಡ್ಕೊಳ್ಳೋಕೆ ಹೋದ್ರೆ ಇನ್ನೂ ದೊಡ್ಡ ಶಿಕ್ಷೆ.

ಇದು ಕೆಲಸ ಮಾಡ್ತು, ನಾನು ಒಪ್ತೀನಿ. ಅದಕ್ಕೆ ಮುಂಚೆ ಸ್ಟ್ರೇಟಲ್ಲಿ (ಟ್ರ್ಯಾಕಿನ ನೇರ ಭಾಗ) ಮುಂದಿನವನ ಬೆನ್ನಿಗೆ ಮೂತಿ ಒತ್ತಿ ರೈಲು ಬೋಗಿ ಥರ ತಳ್ಕೊಂಡು ಹೋಗೋದೇ ಒಂದು ವಿದ್ಯೆ ಆಗಿತ್ತು, ಮೊದಲ ಲ್ಯಾಪಿನ ಮೊದಲ ತಿರುವಲ್ಲಿ ಗಾಡಿ ರಾಶಿ ಬೀಳೋದು ಮಾಮೂಲಾಗಿತ್ತು, ಅದು ಎಷ್ಟೋ ಕಮ್ಮಿ ಆಯ್ತು. ಯಾಕೆ ಕಮ್ಮಿ ಆಯ್ತು ಅಂದ್ರೆ ಹುಡುಗ್ರು ಒಳ್ಳೆಯವರಾದ್ರು ಅಂತಲ್ಲ, ತಳ್ಳಿದ್ರೆ ಲಾಸು ಅಂತ ಗೊತ್ತಾಯ್ತು. ನಾನು ಹೇಳ್ತಿರೋದೂ ಅದನ್ನೇ.

ಆದ್ರೆ ಬೀಳೋ ಮೂತಿಗೆ ಒಂದು ದೊಡ್ಡ ಕುಂದು, ಅದಕ್ಕೆ ಕಣ್ಣಿಲ್ಲ. ತಾಗಿದ್ದು ಗೊತ್ತಾಗತ್ತೆ, ಯಾರು ಯಾರಿಗೆ ತಾಗಿಸಿದ್ರು ಗೊತ್ತಾಗಲ್ಲ. ಹೇರ್‌ಪಿನ್ ತಿರುವಲ್ಲಿ ಮುಂದೆ ಹೋಗ್ತಿರೋನು ಮಧ್ಯದಲ್ಲಿ, ಯಾರೂ ನಿಧಾನ ಮಾಡದ ಜಾಗದಲ್ಲಿ, ಅರ್ಧ ಕ್ಷಣ ಬ್ರೇಕ್ ಮುಟ್ಟಿ ಬಿಡ್ತಾನೆ. ಹಿಂದಿನವನು ಎಲ್ಲಿ ಹೋಗ್ಬೇಕು? ಹೋಗಿ ತಾಗ್ತಾನೆ, ಮೂತಿ ಕೂರತ್ತೆ, 5 ಸೆಕೆಂಡ್ ಬೀಳೋದು ಇವನಿಗೆ, ಬ್ರೇಕ್ ಮುಟ್ಟಿದವನು ಟ್ರೋಫಿ ತಗೊಂಡು ಫೋಟೋ ತೆಗೆಸ್ಕೊಳ್ತಾನೆ. ಇದನ್ನ ಬೇಕಂತಲೇ ಕಲಿಸೋ ಕೋಚ್‌ಗಳಿದ್ದಾರೆ, ನೀವು ಇಲ್ಲ ಅಂದ್ರೂ ನಾನು ನಂಬಲ್ಲ. ಇನ್ನೊಂದು, ಪಕ್ಕದಿಂದ ಹೊಡೆದ್ರೆ ಮೂತಿ ಎಷ್ಟೋ ಸಲ ಬೀಳೋದೇ ಇಲ್ಲ, ಅದು ಮುಂದಿನಿಂದ ನೇರ ಒತ್ತಡಕ್ಕೆ ಸರಿಯೋ ವಸ್ತು. ಅತ್ಯಂತ ಕೆಟ್ಟ ಡಿಕ್ಕಿಗಳು ಆಗೋದೋ ಪಕ್ಕದಿಂದ.

ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ದೂರುಗಳಲ್ಲಿ ಮುಕ್ಕಾಲು ಭಾಗ ಇದೇ ಜಾತಿದು. ಗೇರಿಲ್ಲದ ಕಾರ್ಟ್‌ಗಳಲ್ಲಿ ಬ್ರೇಕ್ ಇರೋದು ಹಿಂದಿನ ಆಕ್ಸಲ್‌ಗೆ ಮಾತ್ರ. ಹಿಂದೆ ಇರೋನು ತಿರುವಿಗೆ ಮುಂಚೆ ಒಳಗಡೆ ಜಾಗ ನೋಡ್ತಾನೆ, ಬ್ರೇಕ್ ಹಾಕೋ ಗುರುತು ದಾಟಿ ಇನ್ನೂ ಒಂದೆರಡು ಮೀಟರ್ ಹೋಗಿ ಒದೀತಾನೆ, ಹಿಂದಿನ ಚಕ್ರ ಲಾಕ್ ಆಗತ್ತೆ, ಗಾಡಿ ತಿರುಗೋ ಬದಲು ಜಾರ್ತಾ ನೇರ ಹೋಗತ್ತೆ. ಹೊರಗಿನವನು ಆಗಲೇ ಸ್ಟೀರಿಂಗ್ ತಿರುಗಿಸಿ ಒಳಗೆ ಬರ್ತಾ ಇದ್ದಾನೆ. ಡಿಫರೆನ್ಷಿಯಲ್ ಇಲ್ಲದೇ ಇರೋದ್ರಿಂದ ಕಾರ್ಟ್ ತಿರುಗ್ಬೇಕು ಅಂದ್ರೆ ಒಳಗಿನ ಹಿಂದಿನ ಚಕ್ರ ನೆಲದಿಂದ ಒಂಚೂರು ಏಳಬೇಕು, ಅಂದ್ರೆ ಆ ಕ್ಷಣಕ್ಕೆ ಅವನು ಮೂರೇ ಚಕ್ರದ ಮೇಲೆ ಇದ್ದಾನೆ. ಸರಿಯಾಗಿ ಆಗ ಇವನ ಮೂತಿ ಅವನ ಸೈಡ್ ಪಾಡ್‌ಗೆ ಹೋಗಿ ಬಡಿಯತ್ತೆ. ಇವನಿಗೆ ಅದು ಬಿಟ್ಟಿ ಬ್ರೇಕು, ಅವನ ಗಾಡಿಗೆ ತಾಗಿದ್ರಿಂದ್ಲೇ ಇವನ ಗಾಡಿ ನಿಧಾನ ಆಗಿ ತಿರುವು ಸಿಕ್ತು. ಅವನು ರಬ್ಬರ್ ಪುಡಿ ತುಂಬಿರೋ ಹೊರಗಿನ ಅಂಚಿಗೆ ಹೋದ, ಚಕ್ರಕ್ಕೆ ಹಿಡಿತ ಇಲ್ಲ, ಗಿಯರಿಲ್ಲದ ಗಾಡಿ ಒಂದು ಸಲ ಇಂಜಿನ್ ಆರ್‌ಪಿಎಂ ಬಿದ್ರೆ ಮತ್ತೆ ಎದ್ದೇಳೋಕೆ ಅರ್ಧ ಸ್ಟ್ರೇಟ್ ಬೇಕು, ಅಷ್ಟರಲ್ಲಿ ಇವನ ಹಿಂದೆ ಬಂದ ಇನ್ನೂ ಮೂವರು ದಾಟಿ ಹೋಗಿರ್ತಾರೆ.

ಆಮೇಲೆ ಸ್ಟೀವರ್ಡ್ ರೂಮಲ್ಲಿ ಇವನು ಹೇಳೋದು ಏನು? ‘ಸರ್ ನಾನು ಪಕ್ಕದಲ್ಲೇ ಇದ್ದೆ.’ ಹೌದಪ್ಪಾ, ಗುದ್ದಿದ ಕ್ಷಣಕ್ಕೆ ಪಕ್ಕದಲ್ಲೇ ಇದ್ದೆ, ಗುದ್ದೋ ಎಲ್ಲರೂ ಗುದ್ದೋ ಕ್ಷಣಕ್ಕೆ ಪಕ್ಕದಲ್ಲೇ ಇರ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ, ಮುಂದಿನವನು ಸ್ಟೀರಿಂಗ್ ತಿರುಗಿಸೋಕೆ ಶುರು ಮಾಡಿದಾಗ ನೀನು ಎಲ್ಲಿದ್ದೆ ಅನ್ನೋದು. ಈ ಪ್ರಶ್ನೆನ ಕೆಲವು ಸ್ಟೀವರ್ಡ್‌ಗಳು ಕೇಳ್ತಾರೆ, ಕೆಲವರು ಕೇಳಲ್ಲ, ಹಾಗಾಗಿ ಒಂದೇ ತಿರುವಲ್ಲಿ ಒಂದೇ ಥರ ಆದ ಎರಡು ಡಿಕ್ಕಿಗೆ ಬೆಳಿಗ್ಗೆ ಒಂದು ತೀರ್ಪು ಮಧ್ಯಾಹ್ನ ಇನ್ನೊಂದು ತೀರ್ಪು ಬರತ್ತೆ. ಇದನ್ನ ಬರೆದಿಡಿ ಅಂತ ನನ್ನ ಒಂದು ಮನವಿ. ನನ್ನ ಅಳತೆ ಇದು: ಮುಂದಿನವನು ತಿರುವಿಗೆ ಇಳಿಯೋ ಹೊತ್ತಿಗೆ ಹಿಂದಿನವನ ಮುಂಚಕ್ರ ಅವನ ಸೀಟಿನ ಮಟ್ಟಕ್ಕೆ ಬಂದಿದ್ರೆ ಅವನಿಗೆ ಒಂದು ಗಾಡಿಯಷ್ಟು ಜಾಗ ಬಿಡಲೇಬೇಕು, ಬಿಡದೇ ಬಾಗಿಲು ಹಾಕಿದ್ರೆ ತಪ್ಪು ಮುಂದಿನವನದ್ದು. ಅಷ್ಟು ಬಂದಿಲ್ಲ ಅಂದ್ರೆ ಹಿಂದಿನವನೇ ತಡ್ಕೋಬೇಕು, ತಡ್ಕೊಳ್ಳದೇ ತಾಗಿದ್ರೆ ತಪ್ಪು ಅವನದ್ದು. ಸೀಟು ಬೇಡ, ಹಿಂದಿನ ಆಕ್ಸಲ್ ಅಂತಿಟ್ಕೊಳ್ಳಿ, ಸ್ಟೀರಿಂಗ್ ಅಂತಿಟ್ಕೊಳ್ಳಿ, ನನಗೆ ಜಗಳ ಇಲ್ಲ, ಯಾವ್ದೋ ಒಂದು ಇಟ್ಟು ಅದನ್ನ ಬ್ರೀಫಿಂಗ್‌ನಲ್ಲಿ ಚಿತ್ರ ಬರೆದು ತೋರಿಸಿ. ಮಕ್ಕಳಿಗೆ ಮಾತಿಗಿಂತ ಚಿತ್ರ ಬೇಗ ಹತ್ತತ್ತೆ.

ಈಗ ಲೆಕ್ಕಕ್ಕೆ ಬರೋಣ, ನನ್ನ ಸಿಟ್ಟಿನ ಮೂಲ ಇದೇ. ಕಾರ್ಟ್ ವಾರಾಂತ್ಯ ಅಂದ್ರೆ ಒಂದೇ ರೇಸ್ ಅಲ್ಲ, ಮೊದಲು ಕ್ವಾಲಿಫೈಯಿಂಗ್, ಆಮೇಲೆ ಹೀಟ್ಸ್ ಅನ್ನೋ ಚಿಕ್ಕ ಅರ್ಹತಾ ರೇಸ್‌ಗಳು, ಹೀಟ್ಸ್‌ನ ಪಾಯಿಂಟ್ ನೋಡಿ ಫೈನಲ್ ಗ್ರಿಡ್, ಅಂದ್ರೆ ಫೈನಲ್‌ನಲ್ಲಿ ಯಾರು ಯಾವ ಜಾಗದಿಂದ ಹೊರಡ್ಬೇಕು ಅನ್ನೋದು. ಒಂದು ಹೀಟಲ್ಲಿ ನಾಲ್ಕನೇ ಜಾಗದಲ್ಲಿದ್ದ ಹುಡುಗಿನ ಒಬ್ಬ ಹೊರಗೆ ತಳ್ಳಿದ ಅಂತಿಟ್ಕೊಳ್ಳಿ. ಅವಳು ವಾಪಸ್ ಟ್ರ್ಯಾಕ್‌ಗೆ ಬರೋ ಹೊತ್ತಿಗೆ ಕೊನೆಯವಳು. ಆ ಪಾಯಿಂಟ್ ಹೊತ್ಕೊಂಡು ಫೈನಲ್‌ಗೆ ಬಂದ್ರೆ ಗ್ರಿಡ್ ಮಧ್ಯದಲ್ಲೋ ಹಿಂದೆಯೋ ನಿಲ್ತಾಳೆ, ಅಲ್ಲಿ ಇನ್ನೂ ಜಾಸ್ತಿ ಗಾಡಿ, ಇನ್ನೂ ಜಾಸ್ತಿ ನೂಕುನುಗ್ಗಲು, ಮತ್ತೊಂದು ಡಿಕ್ಕಿ. ತಳ್ಳಿದವನಿಗೆ ಏನಾಯ್ತು? ಸಿಕ್ಕಿಬಿದ್ರೆ 5 ಸೆಕೆಂಡ್. ಗಾಡಿಗಳೆಲ್ಲ ಒತ್ತೊತ್ತಾಗಿ ಓಡ್ತಿದ್ರೆ 5 ಸೆಕೆಂಡ್ ಅಂದ್ರೆ ಎಷ್ಟೋ ಜಾಗ ಹೋಗತ್ತೆ, ಅದೇ ಗಾಡಿಗಳು ದೂರ ದೂರ ಚದುರಿ ಓಡ್ತಿದ್ರೆ ಒಂದೋ ಎರಡೋ ಜಾಗ, ಕೆಲವು ಸಲ ಸೊನ್ನೆ. ಒಂದೇ ತಪ್ಪಿಗೆ ಶಿಕ್ಷೆ ಎಷ್ಟು ಅನ್ನೋದನ್ನ ಹಿಂದೆ ಬರ್ತಿರೋರ ಗ್ಯಾಪ್ ತೀರ್ಮಾನ ಮಾಡತ್ತೆ, ಇದು ಯಾವ ನ್ಯಾಯ? ಸ್ವಲ್ಪ ಅನುಭವ ಇರೋ ಡ್ರೈವರ್‌ಗಳು ಪಿಟ್ ಬೋರ್ಡ್ (ಟೀಮಿನವರು ಟ್ರ್ಯಾಕ್ ಪಕ್ಕ ಗ್ಯಾಪ್ ಬರೆದು ತೋರಿಸೋ ಹಲಗೆ) ನೋಡ್ಕೊಂಡೇ ಈ ಲೆಕ್ಕ ಹಾಕ್ತಾರೆ, ಹಿಂದೆ ಆರು ಸೆಕೆಂಡ್ ಖಾಲಿ ಇದೆ, ಗುದ್ದಿದ್ರೂ ನಷ್ಟ ಇಲ್ಲ.

ಮೇಲಿನ ಮಟ್ಟದಲ್ಲಿ ಆಗಿರೋದನ್ನೂ ಮಕ್ಕಳು ನೋಡಿದ್ದಾರೆ, ಇಂಟರ್ನೆಟ್ಟಲ್ಲಿ ಎಲ್ಲ ಸಿಗತ್ತೆ. ಐರ್ಟನ್ ಸೆನ್ನಾ ಕಾರ್ಟಿಂಗ್‌ನಿಂದ ಬಂದವರು, 1979 ಮತ್ತೆ 1980ರ ಕಾರ್ಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನ. 1990ರಲ್ಲಿ ಜಪಾನಿನ ಸುಝುಕಾದ ಫಾರ್ಮುಲಾ 1 ಕಾರ್ ರೇಸಲ್ಲಿ ಮೊದಲ ತಿರುವಲ್ಲೇ ಪ್ರತಿಸ್ಪರ್ಧಿ ಅಲೇನ್ ಪ್ರಾಸ್ಟ್‌ಗೆ ಗುದ್ದಿದ್ರು, ಇಬ್ಬರೂ ಔಟ್, ಚಾಂಪಿಯನ್‌ಶಿಪ್ ಸೆನ್ನಾಗೆ. ಮುಂದಿನ ವರ್ಷ ಅವರೇ ಬಾಯಿಬಿಟ್ಟು ಹೇಳಿದ್ರು, ಬೇಕಂತಲೇ ಬಿಡಲಿಲ್ಲ ಅಂತ. ಕಿರೀಟ ಮಾತ್ರ ಅವರ ಹತ್ರನೇ ಉಳೀತು. 1997ರಲ್ಲಿ ಸ್ಪೇನಿನ ಹೆರೆಝ್‌ನಲ್ಲಿ ಮೈಕೆಲ್ ಶುಮಾಕರ್, ಅವರೂ ಕಾರ್ಟಿಂಗ್‌ನವರೇ, ಜಾಕ್ ವಿಲ್ನೋವ್‌ಗೆ ಗುದ್ದೋಕೆ ಹೋಗಿ ತಾವೇ ಜಲ್ಲಿಯಲ್ಲಿ ಸಿಕ್ಕಾಕೊಂಡ್ರು, ಆಮೇಲೆ ಎಫ್‌ಐಎ ಅವರ ಇಡೀ ವರ್ಷದ ಎರಡನೇ ಸ್ಥಾನನೇ ಕಿತ್ಕೊಂಡ್ತು. ಇವೆರಡರಲ್ಲಿ ಯಾವ್ದು ಮುಂದಿನವರಿಗೆ ಎಚ್ಚರಿಕೆ ಆಯ್ತು, ಯಾವ್ದು ಪೋಸ್ಟರ್ ಆಯ್ತು ಅಂತ ನಾನು ಹೇಳ್ಬೇಕಾ? ನಾನೂ ಸೆನ್ನಾ ಅಭಿಮಾನಿನೇ, ಅದು ಬೇರೆ ಮಾತು, ಅಭಿಮಾನ ಇದ್ರೂ ಇದ್ದಿದ್ದು ಇದ್ದ ಹಾಗೆ ಹೇಳ್ಬೇಕಲ್ಲ.

ಹಾಗಾದ್ರೆ ಏನು ಮಾಡ್ಬೇಕು ಅಂತೀರ. ನನ್ನ ಬೇಡಿಕೆ ತುಂಬಾ ಸರಳ, ಗುದ್ದಿ ತಗೊಂಡ ಜಾಗ ಅದೇ ರೇಸಲ್ಲಿ ವಾಪಸ್ ಹೋಗ್ಬೇಕು. ಮಾರ್ಷಲ್ ರೇಡಿಯೋದಲ್ಲಿ ನಂಬರ್ ಹೇಳ್ತಾನೆ, ರೇಸ್ ಕಂಟ್ರೋಲ್‌ನಲ್ಲಿ ಒಬ್ಬರು ಕ್ಯಾಮೆರಾ ನೋಡ್ತಾರೆ, ಅನುಮಾನ ಇಲ್ಲ ಅಂದ್ರೆ ಸ್ಟಾರ್ಟ್ ಲೈನಲ್ಲಿ ಗಾಡಿ ನಂಬರ್ ಜೊತೆ ಬೋರ್ಡ್, ಎರಡು ಲ್ಯಾಪ್ ಒಳಗೆ ಜಾಗ ಬಿಟ್ಟುಕೊಡು ಅಂತ. ಬಿಟ್ಟುಕೊಟ್ಟ, ಅಲ್ಲಿಗೆ ಮುಗೀತು, ಯಾವ ಪೆನಾಲ್ಟಿನೂ ಬೇಡ, ಮತ್ತೆ ಕ್ಲೀನಾಗಿ ಪ್ರಯತ್ನ ಪಡಲಿ. ಕೊಡಲಿಲ್ಲ ಅಂದ್ರೆ ಆಗ ಹಾಕಿ, ಸೆಕೆಂಡ್ ಲೆಕ್ಕದಲ್ಲಲ್ಲ, ಜಾಗದ ಲೆಕ್ಕದಲ್ಲಿ ಹಾಕಿ. ಗುದ್ದಿಸ್ಕೊಂಡವನು ಹತ್ತು ಜಾಗ ಕಳ್ಕೊಂಡಿದ್ರೆ ಗುದ್ದಿದವನ ರಿಸಲ್ಟ್ ಅವನ ಹಿಂದೆ ಬರಲಿ. ಅವನು ರೇಸೇ ಮುಗಿಸೋಕೆ ಆಗ್ಲಿಲ್ಲ ಅಂದ್ರೆ ಗುದ್ದಿದವನಿಗೂ ಆ ಹೀಟಲ್ಲಿ ಕೊನೇ ಜಾಗದ ಪಾಯಿಂಟ್. ಈಗ ಹಿಂದಿನ ಗ್ಯಾಪ್ ಎಷ್ಟಿದ್ರೂ ಲೆಕ್ಕ ಬದಲಾಗಲ್ಲ, ಗುದ್ದಿ ಲಾಭ ಅನ್ನೋ ಮಾತೇ ಇರಲ್ಲ.

ತಪ್ಪಾಗಿ ಓಡಿಸೋನಿಗೆ ತೋರಿಸೋ ಕಪ್ಪು-ಬಿಳಿ ಓರೆ ಬಾವುಟ ಇದೆಯಲ್ಲ, ಅದು ಎಚ್ಚರಿಕೆಗೆ ಸಾಕಾಗಲ್ವಾ ಅಂತ ಒಬ್ಬ ಹಿರಿಯ ಅಧಿಕಾರಿ ನನ್ನ ಕೇಳಿದ್ರು. ಸರ್, ಆ ಬಾವುಟ ಏನನ್ನೂ ವಾಪಸ್ ಕೊಡಿಸಲ್ಲ. ಗುದ್ದಿ ಮುಂದೆ ಹೋದವನಿಗೆ ನಾವು ‘ನೋಡಿದ್ವಿ ಕಣೋ’ ಅಂತ ಹೇಳಿದ ಹಾಗಾಯ್ತು ಅಷ್ಟೇ, ಅವನು ಮುಂದಿನ ಲ್ಯಾಪಿಂದ ಜೆಂಟಲ್‌ಮನ್ ಆಗ್ತಾನೆ, ಜಾಗ ಹೇಗೂ ಸಿಕ್ಕಿದೆಯಲ್ಲ.

ಇದಕ್ಕೆ ಬರೋ ಎದುರು ವಾದನೂ ಗೊತ್ತು. ರೇಸ್ ಅಂದ್ಮೇಲೆ ತಾಗೋದೇ, ತಾಗದೇ ಇರ್ಬೇಕು ಅಂದ್ರೆ ಚೆಸ್ ಆಡಲಿ. ಇದರಲ್ಲಿ ಅರ್ಧ ನಿಜ ಇದೆ, ನಾನು ಮುಟ್ಟಿದ್ರೆ ಪೆನಾಲ್ಟಿ ಅನ್ನೋ ಜಾತಿಯವನಲ್ಲ. ಇಬ್ಬರು ಪಕ್ಕ ಪಕ್ಕ ತಿರುವು ತಗೊಂಡಾಗ ಸೈಡ್ ಪಾಡ್‌ಗೆ ಸೈಡ್ ಪಾಡ್ ಉಜ್ಜತ್ತೆ, ಇಬ್ಬರೂ ಲೈನ್ ಬಿಡಲ್ಲ, ಇಬ್ಬರೂ ಟ್ರ್ಯಾಕ್ ಮೇಲೇ ಇರ್ತಾರೆ, ನೋಡೋಕೆ ಅದಕ್ಕಿಂತ ಚೆಂದ ಇನ್ನೇನಿಲ್ಲ. ಅದಕ್ಕೆ ಪೆನಾಲ್ಟಿ ಹಾಕೋ ಸ್ಟೀವರ್ಡ್ ಇದ್ರೆ ಅವರ ಮೇಲೂ ನನಗೆ ಸಿಟ್ಟೇ. ನಾನು ಹೇಳ್ತಿರೋದು ಒಬ್ಬನ ಜಾಗ ಇನ್ನೊಬ್ಬನಿಗೆ ಹೋದ ಡಿಕ್ಕಿ ಬಗ್ಗೆ ಮಾತ್ರ. ಉಜ್ಜಾಟ ಇರಲಿ, ತಳ್ಳಾಟ ಬೇಡ.

ಇನ್ನೊಂದು ವಾದ, ನಮ್ಮ ಹತ್ರ ಅಷ್ಟು ಜನ ಇಲ್ಲ, ಅಷ್ಟು ಕ್ಯಾಮೆರಾ ಇಲ್ಲ. ಜನ ಇಲ್ಲ ಅನ್ನೋದು ನಿಜ, ಬಿಸಿಲಲ್ಲಿ ನಿಲ್ಲೋಕೆ ಯಾರು ಬರ್ತಾರೆ. ಆದ್ರೆ ಕ್ಯಾಮೆರಾ ಗಾಡಿಗಳ ಮೇಲೇ ಇದೆ, ಅಪ್ಪಂದಿರು ಮಗನ ರೇಸ್ ರೆಕಾರ್ಡ್ ಮಾಡೋಕೆ ಅಂತ ಅಂಟಿಸಿರ್ತಾರೆ. ಆಮೇಲೆ ದೂರು ಕೊಡುವಾಗ ತಮಗೆ ಬೇಕಾದ ವಿಡಿಯೋ ಮಾತ್ರ ತರ್ತಾರೆ, ತಮ್ಮ ಮಗನೇ ಗುದ್ದಿದ್ರೆ ಮೆಮೊರಿ ಕಾರ್ಡ್ ಫುಲ್ ಆಗಿತ್ತು ಅಂತಾರೆ. ಒಂದು ಸಾಲು ರೂಲ್ ಸೇರಿಸಿ: ಕ್ಯಾಮೆರಾ ಹಾಕಿದ್ರೆ ಗಾಡಿ ಪಾರ್ಕ್ ಫರ್ಮೆಗೆ (ರೇಸ್ ಮುಗಿದ್ಮೇಲೆ ಅಧಿಕಾರಿಗಳ ಕಾವಲಲ್ಲಿ ಗಾಡಿ ನಿಲ್ಲಿಸೋ ಜಾಗ) ಬಂದ ತಕ್ಷಣ ಕಾರ್ಡ್ ಅಧಿಕಾರಿಗಳ ಕೈಗೆ, ಕೊಡಲ್ಲ ಅಂದ್ರೆ ಕ್ಯಾಮೆರಾ ಹಾಕೋ ಹಾಗಿಲ್ಲ. ಖರ್ಚಿಲ್ಲದ ಕೆಲಸ ಇದು.

ಹೆಲ್ಮೆಟ್ಟು ಸೂಟು ಬಗ್ಗೆ ಜಾಸ್ತಿ ಹೇಳಲ್ಲ, ಆ ವಿಷಯದಲ್ಲಿ ನೀವು ಕೆಲಸ ಮಾಡಿದ್ದೀರ. ಮಕ್ಕಳ ಕುತ್ತಿಗೆಗೆ ಭಾರ ಆಗದ ಹಾಗೆ ಹಗುರ ಹೆಲ್ಮೆಟ್‌ಗೆ ಸ್ನೆಲ್-ಎಫ್‌ಐಎ ಸಿಎಂಆರ್ ಅಂತ ಬೇರೆ ಮಾನದಂಡನೇ ಇದೆ, ಪಕ್ಕೆ ಎದೆ ಕಾಪಾಡೋ ವೆಸ್ಟ್‌ಗೆ ಎಫ್‌ಐಎ 8870-2018 ಬಂದಿದೆ, ಸೂಟ್ ಬೆಂಕಿಗಿಂತ ಹೆಚ್ಚಾಗಿ ಟಾರ್ ಮೇಲೆ ಉಜ್ಜಿದಾಗ ಹರಿಯದ ಹಾಗೆ ಇರ್ಬೇಕು ಅಂತ ಇದೆ. ಸ್ಕ್ರೂಟಿನಿಯಲ್ಲಿ, ಅಂದ್ರೆ ರೇಸಿಗೆ ಮುಂಚಿನ ತಪಾಸಣೆಯಲ್ಲಿ, ಸ್ಟಿಕರ್ ನೋಡಿ ಕಳಿಸೋದು ನಿಲ್ಲಿಸಿ ಒಳಗಿನ ಫೋಮ್ ಸರಿ ಇದೆಯಾ, ಪಟ್ಟಿ ಬಿಗಿ ಆಗತ್ತಾ ಅಂತನೂ ನೋಡಿ, ಅಣ್ಣನ ಹೆಲ್ಮೆಟ್ ತಮ್ಮನ ತಲೆ ಮೇಲೆ ಅಲ್ಲಾಡ್ತಾ ಇರತ್ತೆ. ಉದ್ದ ಕೂದಲಿನವರ ಕೂದಲು ಸೂಟ್ ಒಳಗೆ ಹೋಗಿದೆಯಾ ಅಂತ ಪ್ರತಿ ಸಲ ನೋಡ್ಲೇಬೇಕು, ಅದು ಹಿಂದಿನ ತಿರುಗೋ ಆಕ್ಸಲ್‌ಗೆ ಸಿಕ್ಕಿದ್ರೆ ಏನಾಗತ್ತೆ ಅಂತ ಬರೆಯೋಕೂ ನನಗಿಷ್ಟ ಇಲ್ಲ. ಬಾಡಿಗೆ ಕಾರ್ಟ್ ನಡೆಸೋರಿಗೂ ಈ ಮಾತು. ನಿಮ್ಮ ಗಾಡಿಗೆ ಸುತ್ತಲೂ ಬಂಪರ್ ಇದೆ ಅಂತ ಜನ ಅದನ್ನ ಗುದ್ದೋ ಆಟ ಅಂದ್ಕೊಂಡಿದ್ದಾರೆ, ರಿಮೋಟಲ್ಲಿ ಗಾಡಿ ಸ್ಲೋ ಮಾಡೋ ವ್ಯವಸ್ಥೆ ನಿಮ್ಮಲ್ಲಿ ಎಷ್ಟೋ ಕಡೆ ಇದೆ, ಗುದ್ದಿದವನ ಗಾಡಿನ ಅರ್ಧ ಲ್ಯಾಪ್ ನಿಧಾನ ಮಾಡಿ ನೋಡಿ.

ಇನ್ನು ಅಪ್ಪ ಅಮ್ಮಂದಿರ ವಿಷಯ, ಇಲ್ಲಿ ನನಗೆ ಬೈಗುಳ ಬೀಳತ್ತೆ ಗೊತ್ತು. 2020ರ ಅಕ್ಟೋಬರ್‌ನಲ್ಲಿ ಇಟಲಿಯ ಲೊನಾಟೊದಲ್ಲಿ ಕೆಝಡ್ ವಿಶ್ವ ಚಾಂಪಿಯನ್‌ಶಿಪ್ ರೇಸ್ ನಡೀತಿತ್ತು. ಡಿಕ್ಕಿ ಆಗಿ ರೇಸಿಂದ ಹೊರಬಿದ್ದ ಒಬ್ಬ ಡ್ರೈವರ್ ಕಿತ್ತು ಬಂದಿದ್ದ ಮುಂದಿನ ಬಂಪರ್ ಹಿಡ್ಕೊಂಡು ಟ್ರ್ಯಾಕ್ ಪಕ್ಕ ಕಾಯ್ತಾ ನಿಂತು, ತನಗೆ ತಾಗಿದವನು ಅಂತ ಅನ್ಕೊಂಡವನ ಗಾಡಿ ಬಂದಾಗ ಅವನ ಮೇಲೆ ಎಸೆದ, ರೇಸ್ ಓಡ್ತಾ ಇರುವಾಗಲೇ. ಆಮೇಲೆ ಪಾರ್ಕ್ ಫರ್ಮೆಯಲ್ಲಿ ಹೊಡೆದಾಟ, ಅದರಲ್ಲಿ ಅವನ ಅಪ್ಪನೂ ಇದ್ರು. ಎಫ್‌ಐಎ ಟ್ರಿಬ್ಯುನಲ್ 2021ರಲ್ಲಿ ಮಗನಿಗೂ ಅಪ್ಪನಿಗೂ ತಲಾ 15 ವರ್ಷ ನಿಷೇಧ ಹಾಕ್ತು. ಸರಿಯಾದ ತೀರ್ಪು, ನನಗೇನೂ ಅನುಕಂಪ ಇಲ್ಲ. ಆದ್ರೆ ವಿಡಿಯೋ ನೋಡಿದ ಪ್ರಪಂಚ ಎಲ್ಲ ಎಸೆದಿದ್ದರ ಬಗ್ಗೆ ಮಾತಾಡ್ತು, ಅಪ್ಪನಿಗೂ ಅಷ್ಟೇ ಶಿಕ್ಷೆ ಆಗಿದ್ದರ ಬಗ್ಗೆ ಮಾತಾಡಿದವರು ಕಮ್ಮಿ. ನನಗೆ ಅದೇ ಮುಖ್ಯ ಅನ್ಸತ್ತೆ. ಎಂಟು ಹತ್ತು ವರ್ಷದ ಮಗುಗೆ ತಾನಾಗೇ ಗುದ್ದೋ ಬುದ್ಧಿ ಬರಲ್ಲ. ಬೇಲಿ ಹಿಂದೆ ನಿಂತು ‘ಹಾಕೋ ಒಳಗೆ, ಬಿಡಬೇಡ’ ಅಂತ ಕೈ ಬೀಸೋದು ಯಾರು? ಗಾಡಿ ನಿಲ್ಸಿದ ತಕ್ಷಣ ‘ಅವನು ನಿನ್ನ ತಳ್ಳಿದ್ನಲ್ಲ, ಮುಂದಿನ ಹೀಟಲ್ಲಿ ನೋಡ್ಕೋ’ ಅನ್ನೋದು ಯಾರು? ಮಾರ್ಷಲ್ ಹತ್ರ ಬಂದು ಬೆರಳು ತೋರಿಸಿ ಅಪ್ಪ ಒಬ್ಬರು ಕಿರುಚುವಾಗ ಅವರ ಮಗ ಹೆಲ್ಮೆಟ್ ಕೂಡ ತೆಗೆಯದೇ ಅವರ ಅಂಗಿ ಹಿಡಿದು ‘ಬಾ ಪಪ್ಪಾ, ಹೋಗೋಣ’ ಅಂತ ಎಳೀತಾ ಇರೋದನ್ನ ನಾವು ನೋಡ್ತಾನೇ ಇರ್ತೀವಿ.

ಡ್ರೈವರ್ ಲೈಸೆನ್ಸ್ ಫಾರಂನಲ್ಲಿ ಪೋಷಕರ ಸಹಿ ಇರತ್ತೆ, ಮೆಕ್ಯಾನಿಕ್‌ಗೂ ಪಾಸ್ ಇರತ್ತೆ. ಹಾಗಿದ್ಮೇಲೆ ಪ್ಯಾಡಕ್‌ನಲ್ಲಿ ಗಲಾಟೆ ಮಾಡೋ ದೊಡ್ಡವರ ಪಾಸ್ ಕಿತ್ಕೊಳ್ಳೋಕೆ ಏನು ಅಡ್ಡಿ? ಮಗುವಿನ ಪಾಯಿಂಟ್ ಕಿತ್ಕೋಬೇಡಿ, ಅದು ಅದರ ತಪ್ಪಲ್ಲ, ಆ ಮಗು ರೇಸ್ ಮಾಡಲಿ, ಅಪ್ಪ ಗೇಟ್ ಆಚೆ ನಿಂತು ಸ್ಪೀಕರ್‌ನಲ್ಲಿ ಕಾಮೆಂಟರಿ ಕೇಳಲಿ. ಕಿತ್ಕೊಳ್ಳೋ ಅಧಿಕಾರ ಎಷ್ಟೋ ಕಡೆ ಪುಸ್ತಕದಲ್ಲಿ ಆಗಲೇ ಇದೆ, ಆದ್ರೆ ಆ ಅಪ್ಪನೇ ಟೀಮಿಗೆ ದುಡ್ಡು ಹಾಕೋರು, ಮುಂದಿನ ರೌಂಡಿಗೆ ಎಂಟ್ರಿ ಕಮ್ಮಿ ಆಗತ್ತೆ ಅಂತ ನೀವು ಕಣ್ಣು ಮುಚ್ಕೊಳ್ತೀರ. ಹೇಳಿದ್ರೆ ಬೇಜಾರಾಗತ್ತೆ ಆದ್ರೂ ಹೇಳಿದ್ದೀನಿ.

ಸಣ್ಣ ಮಕ್ಕಳ ಕ್ಲಾಸ್ ಬಗ್ಗೆ ಒಂದೇ ಮಾತು ಸೇರಿಸ್ತೀನಿ. ಅವರಿಗೆ ತೀರ್ಪನ್ನ ಹಾಳೆ ಮೇಲೆ ಬರೆದು ಬೋರ್ಡಿಗೆ ಅಂಟಿಸಿದ್ರೆ ಸಾಲದು. ‘ನಿಯಮ ಇಂತಿಷ್ಟು ಉಲ್ಲಂಘನೆ, 5 ಸೆಕೆಂಡ್’ ಅಂತ ಓದಿ ಆ ಮಗುಗೆ ಏನು ಅರ್ಥ ಆಗತ್ತೆ. ಗುದ್ದಿದವನನ್ನೂ ಗುದ್ದಿಸ್ಕೊಂಡವನನ್ನೂ ಒಟ್ಟಿಗೆ ಕೂರಿಸಿ, ಅಪ್ಪಂದಿರನ್ನ ಹೊರಗಿಟ್ಟು, ಎರಡೂ ಗಾಡಿಯ ವಿಡಿಯೋ ತೋರಿಸಿ, ಇಲ್ಲಿ ನೀನು ಎಲ್ಲಿದ್ದೆ ತೋರಿಸು ಅಂತ ಕೇಳಿ. ಹತ್ತು ನಿಮಿಷದ ಕೆಲಸ. ಇದನ್ನ ಮಾಡೋ ಒಬ್ಬ ಸ್ಟೀವರ್ಡ್ ಜೊತೆ ನಾನು ಕೆಲಸ ಮಾಡಿದ್ದೀನಿ, ಅವರ ರೂಮಿಂದ ಹೊರಗೆ ಬರೋ ಮಕ್ಕಳು ಅಳ್ತಾ ಬರಲ್ಲ, ವಾದ ಮಾಡ್ಕೊಂಡು ಬರ್ತಾರೆ, ನೀನು ಬ್ರೇಕ್ ಬೇಗ ಹಾಕಿದೆ, ಇಲ್ಲ ನೀನು ಲೇಟ್ ಹಾಕಿದೆ ಅಂತ. ಅವರು ಇರೋ ರೌಂಡಲ್ಲಿ ನನ್ನ ರೇಡಿಯೋಗೆ ಕೆಲಸ ಕಮ್ಮಿ.

ಇಷ್ಟಕ್ಕೆಲ್ಲ ಹೊಸ ಕಮಿಟಿ ಬೇಡ, ವಿದೇಶಿ ಸಲಹೆಗಾರರು ಬೇಡ. ನಾನು ಕೇಳ್ತಿರೋದು ಮೂರಕ್ಕೆ ಉತ್ತರ, ಅದೂ ಬರವಣಿಗೆಯಲ್ಲಿ, ಮುಂದಿನ ಸೀಸನ್‌ನ ರೆಗ್ಯುಲೇಶನ್ ಪ್ರಿಂಟ್ ಆಗೋ ಮುಂಚೆ. ತಿರುವಲ್ಲಿ ಯಾರ ಜಾಗ ಯಾರದು ಅಂತ ಅಳತೆ ಇಟ್ಟು ಬರೀತೀರಾ? ಗುದ್ದಿ ತಗೊಂಡ ಜಾಗನ ಅದೇ ರೇಸಲ್ಲಿ ವಾಪಸ್ ಕೊಡಿಸ್ತೀರಾ? ಬೀಳೋ ಮೂತಿಯ ಪೆನಾಲ್ಟಿ ಬಂದವನಿಗೆ, ಮುಂದಿನವನು ಬೇಕಂತ ಬ್ರೇಕ್ ಹಾಕಿದ ಅಂತ ವಿಡಿಯೋ ತೋರಿಸೋ ಅವಕಾಶ ಕೊಡ್ತೀರಾ? ಆಗಲ್ಲ ಅಂದ್ರೆ ಆಗಲ್ಲ ಅಂತನೇ ಬರೀರಿ, ಯಾಕೆ ಆಗಲ್ಲ ಅಂತನೂ ಬರೀರಿ. ಉತ್ತರ ಬಂದ್ರೆ ಅದನ್ನ ನಮ್ಮ ಮಾರ್ಷಲ್‌ಗಳ ಗ್ರೂಪಿಗೆ ಪೂರ್ತಿ ಹಾಕ್ತೀನಿ, ಬರದೇ ಇದ್ರೆ ಅದನ್ನೂ ಹಾಕ್ತೀನಿ.

ಇಂತಿ,
ನಿಮ್ಮದೇ ಟ್ರ್ಯಾಕಿನ ಒಬ್ಬ ಕಾರ್ನರ್ ಮಾರ್ಷಲ್